ಸಂಚಾರಿ ಕಲಿಕೆ ಮತ್ತು ಅಂತರ್ಜಾಲ ಕಲಿಕೆ: ತೆಂಗಳಿ ಪರಿಸರದ ಹಿನ್ನೆಲೆಯಲ್ಲಿ ಒಂದು ತೌಲನಿಕ ವಿವೇಚನೆ

1. ಪೀಠಿಕೆ

ಭಾರತದಲ್ಲಿ ಮೊಬೈಲ್ ದೂರವಾಣಿಯ ಮೊದಲ ಕರೆ 1995ರ ಜುಲೈ 31ರಂದು ಹೋಯಿತು. ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ದೊರೆತದ್ದು ಅದೇ ವರ್ಷದ ಆಗಸ್ಟ್ 15ರಂದು. ಹದಿನೈದು ದಿನಗಳ ಅಂತರದಲ್ಲಿ ಹುಟ್ಟಿದ ಈ ಎರಡು ಸೌಲಭ್ಯಗಳು ಬಹುಕಾಲ ಬೇರೆ ಬೇರೆ ದಾರಿಗಳಲ್ಲಿಯೇ ನಡೆದವು. ಒಂದು ಮಾತನಾಡುವ ಸಾಧನವಾಗಿ ಕಿಸೆಯಲ್ಲಿ ಉಳಿದರೆ, ಇನ್ನೊಂದು ಗಣಕಯಂತ್ರದ ಮೂಲಕ ಕಚೇರಿಗಳಲ್ಲಿಯೂ ನಗರದ ಮನೆಗಳಲ್ಲಿಯೂ ನೆಲೆಯೂರಿತು. ಇಂದು ಇವೆರಡೂ ಒಂದೇ ಉಪಕರಣದಲ್ಲಿ ಕೂಡಿವೆ. ಈ ಕೂಡುವಿಕೆಯ ಫಲವಾಗಿ ಶಿಕ್ಷಣ ಕುರಿತ ನಮ್ಮ ಚರ್ಚೆಗಳಲ್ಲಿ 'ಆನ್‌ಲೈನ್ ಕಲಿಕೆ' ಮತ್ತು 'ಮೊಬೈಲ್ ಕಲಿಕೆ' ಎಂಬ ಮಾತುಗಳೂ ಒಂದೇ ಎಂಬಂತೆ ಬಳಕೆಯಾಗುತ್ತಿವೆ.

ಈ ಬೆರಕೆ ಕೇವಲ ಪದಗಳ ಬೆರಕೆಯಲ್ಲ. ಒಂದಕ್ಕಾಗಿ ಸಿದ್ಧಪಡಿಸಿದ ಪಾಠವನ್ನು ಇನ್ನೊಂದರ ಮೂಲಕ ಕಳುಹಿಸಿ, ಅದು ತಲುಪದಿದ್ದಾಗ ವಿದ್ಯಾರ್ಥಿಗೆ ಆಸಕ್ತಿಯಿಲ್ಲವೆಂದು ತೀರ್ಮಾನಿಸುವ ತಪ್ಪಿಗೆ ಇದು ಎಡೆಮಾಡಿಕೊಟ್ಟಿದೆ. ಕಲಬುರಗಿ ಜಿಲ್ಲೆಯ ತೆಂಗಳಿ ಹಾಗೂ ಅದರ ಸುತ್ತಲಿನ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗಗಳನ್ನು ಹಿನ್ನೆಲೆಯಾಗಿಟ್ಟುಕೊಂಡು ಈ ಎರಡು ಕಲಿಕಾ ಕ್ರಮಗಳ ಸಾಮ್ಯ-ವೈಷಮ್ಯಗಳನ್ನು ಪರಿಶೀಲಿಸುವುದು, ಅದರಿಂದ ಕನ್ನಡ ಅಧ್ಯಾಪನಕ್ಕೆ ಒದಗುವ ತಿಳಿವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2. ಪರಿಭಾಷೆಯ ಪ್ರಶ್ನೆ

ಮೊಬೈಲ್ ಎಂಬುದಕ್ಕೆ ಕನ್ನಡದಲ್ಲಿ 'ಸಂಚಾರಿ ದೂರವಾಣಿ', 'ಚರವಾಣಿ', 'ಜಂಗಮವಾಣಿ' ಎಂಬ ರೂಪಗಳು ಬಳಕೆಗೆ ಬಂದಿವೆ. ಇವುಗಳಲ್ಲಿ 'ಜಂಗಮವಾಣಿ' ಎಂಬುದು ವಿಶೇಷ ವಿವೇಚನೆಗೆ ಅರ್ಹವಾದ ಪದ. ಶರಣ ಪರಂಪರೆಯ ನೆಲದಲ್ಲಿ ಸ್ಥಾವರ ಮತ್ತು ಜಂಗಮ ಎಂಬ ಜೋಡಿಗೆ ಇರುವ ಅರ್ಥಭಾರವನ್ನು ಕನ್ನಡದ ಓದುಗರಿಗೆ ವಿವರಿಸಬೇಕಾಗಿಲ್ಲ. ಜಂಗಮವೆಂದರೆ ಬರಿಯ ಚಲನೆಯಲ್ಲ. ಮನೆಮನೆಯ ಬಾಗಿಲಿಗೆ ತಾನಾಗಿ ಬಂದು ಅಲ್ಲಿಯ ಬದುಕಿನೊಡನೆ ಸಂಬಂಧ ಬೆಳೆಸುವ ಚೈತನ್ಯ. ಆದರೆ ಸಾಧನವೊಂದು ಚಲಿಸುತ್ತದೆ ಎಂದ ಮಾತ್ರಕ್ಕೆ ಅದು ಈ ಅರ್ಥದಲ್ಲಿ ಜಂಗಮವಾಗುವುದೇ ಎಂಬ ಪ್ರಶ್ನೆಯನ್ನು ಮುಂದೆ ಎತ್ತಿಕೊಳ್ಳಲಾಗುವುದು.

ಜನರ ಆಡುಮಾತಿನಲ್ಲಿ ಈ ಯಾವ ರೂಪವೂ ಇಲ್ಲ. ಈ ಭಾಗದಲ್ಲಿ ಅದು 'ಫೋನು'; ಅಂತರ್ಜಾಲ 'ನೆಟ್ಟು'; ಪಾಠ 'ಆನ್‌ಲೈನ್ ಕ್ಲಾಸು'. ಪ್ರಸ್ತುತ ಲೇಖನದಲ್ಲಿ ಪಾರಿಭಾಷಿಕ ಸ್ಪಷ್ಟತೆಗಾಗಿ 'ಅಂತರ್ಜಾಲ ಕಲಿಕೆ', 'ಸಂಚಾರಿ ಕಲಿಕೆ' ಎಂಬ ರೂಪಗಳನ್ನು ಬಳಸಲಾಗಿದೆ.

3. ಎರಡರ ಸ್ವರೂಪ ಭೇದ

ಅಂತರ್ಜಾಲ ಕಲಿಕೆಯ ಮಾದರಿ ಮೂಲತಃ ತರಗತಿಯದೇ. ಅಲ್ಲಿ ಪಠ್ಯಕ್ರಮ, ವೇಳಾಪಟ್ಟಿ, ಹಾಜರಿ, ಉಪನ್ಯಾಸ, ಪರೀಕ್ಷೆ ಎಲ್ಲವೂ ಇರುತ್ತವೆ. ಗೋಡೆಗಳು ಮಾತ್ರ ಇರುವುದಿಲ್ಲ. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ 'ಸ್ವಯಂ' ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ವಾರಗಳ ಲೆಕ್ಕದಲ್ಲಿ ಪಾಠಗಳು, ಸಲ್ಲಿಸಬೇಕಾದ ಅಭ್ಯಾಸಗಳು, ಕೊನೆಯಲ್ಲಿ ಪರೀಕ್ಷೆ ಇವೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2021ರ ನಿಯಮಾವಳಿಯ ಮೂಲಕ ಒಂದು ಅವಧಿಯ ವ್ಯಾಸಂಗದ ಶೇ. 40ರಷ್ಟು ವಿಷಯಗಳನ್ನು ಈ ವೇದಿಕೆಯ ಮೂಲಕ ಕಲಿಯಲು ಅವಕಾಶ ಕೊಟ್ಟಿತು. ಇದು ಕುಳಿತು ಕಲಿಯುವವನನ್ನು, ಅಂದರೆ ನಿರಂತರ ಸಂಪರ್ಕ, ದೊಡ್ಡ ಪರದೆ, ನಿಗದಿತ ಬಿಡುವು ಇರುವವನನ್ನು, ಕಲ್ಪಿಸಿಕೊಂಡ ವ್ಯವಸ್ಥೆ.

ಸಂಚಾರಿ ಕಲಿಕೆಯ ಕಲ್ಪನೆ ಬೇರೆ. 1972ರಲ್ಲಿಯೇ ಅಲನ್ ಕೇ ಎಂಬ ಗಣಕ ವಿಜ್ಞಾನಿ, ಮಕ್ಕಳು ಪುಸ್ತಕದಂತೆ ಕೈಯಲ್ಲಿ ಹಿಡಿದು ಒಯ್ಯಬಲ್ಲ 'ಡೈನಾಬುಕ್' ಎಂಬ ಗಣಕವನ್ನು ಕಲ್ಪಿಸಿದ್ದನು. 2000ದ ದಶಕದ ಮಧ್ಯಭಾಗದಲ್ಲಿ ಮೈಕ್ ಶಾರ್ಪಲ್ಸ್ ಮತ್ತು ಸಂಗಡಿಗರು ಇದಕ್ಕೆ ಸೈದ್ಧಾಂತಿಕ ನೆಲೆಯನ್ನು ಒದಗಿಸಿದರು. ಇವರ ವಿಚಾರದ ತಿರುಳು ಹೀಗಿದೆ: ಸಂಚಾರಿ ಕಲಿಕೆಯಲ್ಲಿ ಮುಖ್ಯವಾದುದು ಸಾಧನದ ಚಲನೆಯಲ್ಲ, ಕಲಿಯುವವನ ಚಲನೆ. ಮನುಷ್ಯನು ಒಂದು ಸಂದರ್ಭದಿಂದ ಇನ್ನೊಂದಕ್ಕೆ ಸಾಗುತ್ತ, ಜನರೊಡನೆ ಸಂವಾದಿಸುತ್ತ, ಸ್ವಂತದ ಸಾಧನವನ್ನು ನೆರವಿಗೆ ಪಡೆಯುತ್ತ ತಿಳಿವನ್ನು ಕಟ್ಟಿಕೊಳ್ಳುತ್ತಾನೆ.

ಹೀಗೆ ನೋಡಿದಾಗ ಅಂತರ್ಜಾಲ ಕಲಿಕೆಯು ತರಗತಿಯನ್ನು ಸ್ಥಳಾಂತರಿಸುತ್ತದೆ. ಸಂಚಾರಿ ಕಲಿಕೆಯು ಕಲಿಯುವವನ ಸ್ಥಳವನ್ನೇ ಪಾಠದ ಭಾಗವಾಗಿಸುತ್ತದೆ. ಮೊದಲನೆಯದರಲ್ಲಿ ಹೊತ್ತನ್ನು ಸಂಸ್ಥೆ ನಿರ್ಧರಿಸುತ್ತದೆ, ಎರಡನೆಯದರಲ್ಲಿ ಕಲಿಯುವವರು ನಿರ್ಧರಿಸುತ್ತಾರೆ. ದೂರಶಿಕ್ಷಣದ ಚಿಂತಕ ಮೈಕೆಲ್ ಮೂರ್ ಹೇಳಿದಂತೆ ಗುರು-ಶಿಷ್ಯರ ನಡುವಿನ ದೂರವು ಹರದಾರಿಗಳ ಲೆಕ್ಕದ್ದಲ್ಲ. ಸಂವಾದ ಎಷ್ಟಿದೆ, ಪಾಠದ ಕಟ್ಟು ಎಷ್ಟು ಬಿಗಿಯಾಗಿದೆ ಎಂಬುದನ್ನು ಅವಲಂಬಿಸಿದ್ದು. ಈ ಅಳತೆಗೋಲಿನಿಂದ ನೋಡಿದರೆ ಮುಖ ತೋರಿಸುತ್ತ ನಡೆಯುವ ನೇರಪ್ರಸಾರದ ಪಾಠವೂ ಬಹುದೂರದ್ದಾಗಬಹುದು, ರಾತ್ರಿ ಬಂದ ಎರಡು ನಿಮಿಷದ ಧ್ವನಿಸಂದೇಶವೂ ಹತ್ತಿರದ್ದಾಗಬಹುದು.

4. ತೆಂಗಳಿ ಪರಿಸರ

ಇಲ್ಲಿ ವಿವೇಚಿಸುತ್ತಿರುವ ಪ್ರದೇಶವು ಕಾಗಿಣಾ ನದಿಯ ಆಸುಪಾಸಿನದು. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ; ನೃಪತುಂಗನ ಆಸ್ಥಾನದ ಶ್ರೀವಿಜಯನ 'ಕವಿರಾಜಮಾರ್ಗ' ರೂಪುಗೊಂಡ ಪರಿಸರ. ಚಿತ್ತಾಪುರದ ಬಳಿಯ ನಾಗಾವಿಯು ಹನ್ನೊಂದನೆಯ ಶತಮಾನದ ಘಟಿಕಾಸ್ಥಾನದ ನೆಲೆ. ಹೀಗೆ ವಿದ್ಯೆಯ ಇತಿಹಾಸದಲ್ಲಿ ಸಂಪನ್ನವಾದ ಈ ನೆಲವೇ ಆಧುನಿಕ ಕಾಲದಲ್ಲಿ ಹಿಂದುಳಿದಿರುವಿಕೆಯ ಲೆಕ್ಕದಲ್ಲಿ ಗುರುತಿಸಲ್ಪಟ್ಟಿತು. 2002ರಲ್ಲಿ ಸಲ್ಲಿಕೆಯಾದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ ವರದಿಯು ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿದ್ದು, ಅವುಗಳಲ್ಲಿ 21 ಗುಲಬರ್ಗಾ ವಿಭಾಗಕ್ಕೆ ಸೇರಿದವಾಗಿದ್ದವು.

ತೊಗರಿ ಬೆಳೆಯುವ ಹೊಲಗಳು, ಶಹಾಬಾದಿ ಕಲ್ಲಿನ ಗಣಿಗಳು, ಸಿಮೆಂಟ್ ಕಾರ್ಖಾನೆಗಳು, ಚಿಂಚೋಳಿ ಭಾಗದ ತಾಂಡಾಗಳು, ಬೆಂಗಳೂರು-ಮುಂಬಯಿ-ಹೈದರಾಬಾದುಗಳಿಗೆ ದುಡಿಯಹೋಗುವ ಕುಟುಂಬಗಳು: ಇವು ಇಲ್ಲಿಯ ವಿದ್ಯಾರ್ಥಿಗಳ ಹಿನ್ನೆಲೆ. ಕನ್ನಡದೊಡನೆ ಉರ್ದು, ತೆಲುಗು, ಮರಾಠಿ, ಲಂಬಾಣಿ ಭಾಷೆಗಳು ಮನೆಗಳಲ್ಲಿ ಬಳಕೆಯಲ್ಲಿವೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತಿನ (2017-18) ಪ್ರಕಾರ ಭಾರತದ ಗ್ರಾಮೀಣ ಕುಟುಂಬಗಳಲ್ಲಿ ಗಣಕಯಂತ್ರವಿದ್ದವು ಶೇ. 4.4, ಅಂತರ್ಜಾಲ ಸೌಲಭ್ಯವಿದ್ದವು ಶೇ. 14.9, ನಗರಗಳಲ್ಲಿ ಇವು ಕ್ರಮವಾಗಿ ಶೇ. 23.4 ಮತ್ತು ಶೇ. 42. ಆದ್ದರಿಂದ ಗಣಕವನ್ನು ನೆಚ್ಚಿದ ಅಂತರ್ಜಾಲ ಕಲಿಕೆಯು ನಮ್ಮ ಹಳ್ಳಿಗಳಿಗೆ ಆ ರೂಪದಲ್ಲಿ ಬರಲೇ ಇಲ್ಲವೆನ್ನಬೇಕು. ಅದು ಬಂದದ್ದು ಫೋನಿನ ಮೂಲಕ. ಅದೂ 2016ರ ನಂತರ ಡೇಟಾ ದರ ಇಳಿದ ಮೇಲೆ.

5. 2020-21ರ ಅನುಭವ

ಕೋವಿಡ್ ಸೋಂಕಿನಿಂದ ದೇಶದಲ್ಲಿ ಸಂಭವಿಸಿದ ಮೊದಲ ಸಾವು ಕಲಬುರಗಿಯದೆಂದು 2020ರ ಮಾರ್ಚ್ 12ರಂದು ದೃಢಪಟ್ಟಿತು. ಶಾಲಾ-ಕಾಲೇಜುಗಳು ಮುಚ್ಚಿದವು. ಪಾಠಗಳು ನಡೆಯಲೇಬೇಕೆಂಬ ಒತ್ತಾಯದಲ್ಲಿ ನಾವು ಅಧ್ಯಾಪಕರು ಆಯ್ದುಕೊಂಡದ್ದು ಅಂತರ್ಜಾಲ ಕಲಿಕೆಯ ಮಾದರಿಯನ್ನು. ವಿದ್ಯಾರ್ಥಿಗಳ ಕೈಯಲ್ಲಿದ್ದದ್ದು ಫೋನು.

ಈ ಅಸಂಗತಿಯನ್ನು ಅರಿತು ರೂಪುಗೊಂಡ ಒಂದು ಪ್ರಯತ್ನವೆಂದರೆ 2020ರ ಆಗಸ್ಟಿನಲ್ಲಿ ಸರ್ಕಾರಿ ಶಾಲೆಗಳಿಗಾಗಿ ಆರಂಭವಾದ 'ವಿದ್ಯಾಗಮ'. ಮಕ್ಕಳನ್ನು ಯಾವ ಸಾಧನವೂ ಇಲ್ಲದವರು, ಸಾಧಾರಣ ಮೊಬೈಲ್ ಇರುವವರು, ಅಂತರ್ಜಾಲ ಸಹಿತ ಸಾಧನ ಇರುವವರು ಎಂದು ಮೂರಾಗಿ ವಿಂಗಡಿಸಿ, ಅದಕ್ಕೆ ತಕ್ಕಂತೆ ಕಲಿಸುವ ಯೋಜನೆ ಅದು. ಶಿಕ್ಷಕರೇ ಓಣಿಗಳಿಗೆ ಹೋಗಿ ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಸ್ಥಗಿತಗೊಂಡು 2021ರ ಜನವರಿಯಲ್ಲಿ ಪುನರಾರಂಭವಾದ ಈ ಕ್ರಮದ ಸಾಧಕ-ಬಾಧಕಗಳೇನೇ ಇರಲಿ, ಇದರಲ್ಲಿ ಸಂಚರಿಸಿದ್ದು ಸಾಧನವಲ್ಲ, ಗುರು ಎಂಬುದು ಗಮನಾರ್ಹ. ಮೇಲೆ ಹೇಳಿದ 'ಜಂಗಮ'ದ ಅರ್ಥಕ್ಕೆ ಇದು ಹೆಚ್ಚು ಸಮೀಪವಾದುದು. ಕಾಲೇಜು ಶಿಕ್ಷಣದಲ್ಲಿ ನಾನು ಕಂಡ ಮಟ್ಟಿಗೆ ಇಂಥ ವಿಂಗಡಣೆಯ ಯೋಚನೆ ನಡೆಯಲಿಲ್ಲ.

6. ಹೊಲಕ್ಕೆ ಹೋದ ಫೋನು

ಇಲ್ಲಿ ನನ್ನದೇ ಅನುಭವವೊಂದನ್ನು ದಾಖಲಿಸುವುದು ಅನಿವಾರ್ಯ. ಆ ಅವಧಿಯಲ್ಲಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಬಿ.ಎ. ತರಗತಿಗೆ ಹಳಗನ್ನಡ ಪಾಠ ಹೇಳುತ್ತಿದ್ದೆ. ಬೆಳಗಿನ ಹನ್ನೊಂದು ಗಂಟೆಗೆ ನೇರಪ್ರಸಾರದ ತರಗತಿ. ಪರದೆಯ ಮೇಲೆ ಕಂಡ ಹೆಸರುಗಳಿಗೆ ಹಾಜರಿ. ವಿದ್ಯಾರ್ಥಿನಿಯೊಬ್ಬಳು ಒಂದು ತಿಂಗಳಲ್ಲಿ ಎರಡು ಬಾರಿಯೂ ಕಾಣಿಸಿಕೊಳ್ಳಲಿಲ್ಲ. ಕಾರಣ ಕೇಳಿ ಸಂದೇಶ ಕಳುಹಿಸಿದೆ. ರಾತ್ರಿ ಒಂಬತ್ತೂವರೆಗೆ ಧ್ವನಿಸಂದೇಶದಲ್ಲಿ ಉತ್ತರ ಬಂತು: "ಫೋನ ಹೊಲಕ್ಕ ಹೋಗ್ಯಾದ್ರಿ ಸರ. ಅಪ್ಪ ಬಂದ ಮ್ಯಾಲ ನೋಡ್ತೀನ್ರಿ."

ಅಷ್ಟರಲ್ಲಿ ಆಕೆಯ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ ಗುರುತಿಸಿದ್ದೆ. ವಾಸ್ತವವಾಗಿ ಆಕೆ ಪ್ರತಿದಿನ ರಾತ್ರಿ, ತಂದೆ ಊಟ ಮಾಡಿ ಮಲಗಿದ ಮೇಲೆ, ಗುಂಪಿನಲ್ಲಿ ಹಾಕಿದ್ದ ಟಿಪ್ಪಣಿಗಳನ್ನು ನೋಡಿ ಪಟ್ಟಿಗೆ ಇಳಿಸಿಕೊಳ್ಳುತ್ತಿದ್ದಳು. ಹಾಜರಿಪಟ್ಟಿಯಲ್ಲಿದ್ದ ಕೆಲವರಿಗಿಂತ ಆಕೆ ಹೆಚ್ಚು ಕಲಿತಿದ್ದಳೆಂದು ನನಗೆ ತಿಳಿದದ್ದು ಕಾಲೇಜು ತೆರೆದ ಮೇಲೆ, ಆ ಪಟ್ಟಿಯನ್ನು ನೋಡಿದಾಗ. ಆ ಹಾಜರಿಯನ್ನು ಆಮೇಲೆ ಸರಿಪಡಿಸಲು ಅವಕಾಶವಿರಲಿಲ್ಲ.

ಈ ಪ್ರಸಂಗವು ಸಂಚಾರಿ ಕಲಿಕೆಯ ಸಿದ್ಧಾಂತವನ್ನೇ ಮರುಪರಿಶೀಲಿಸುವಂತೆ ಮಾಡುತ್ತದೆ. ಸಿದ್ಧಾಂತವು ಚಲಿಸುವ ಕಲಿಕೆಗಾರ ಮತ್ತು ಅವನದೇ ಆದ ಸಾಧನವನ್ನು ಕಲ್ಪಿಸಿಕೊಳ್ಳುತ್ತದೆ. ಇಲ್ಲಿ ಸಾಧನ ಚಲಿಸುತ್ತದೆ, ಕಲಿಯುವವಳು ಮನೆಯಲ್ಲಿದ್ದಾಳೆ. ಫೋನು ತಂದೆಯೊಡನೆ ಹೊಲಕ್ಕೆ, ಅಣ್ಣನೊಡನೆ ಕಾರ್ಖಾನೆಗೆ, ದುಡಿಯಹೋದವರೊಡನೆ ಮುಂಬಯಿಗೆ ಹೋಗುತ್ತದೆ. ಅದು ಸಂಚಾರಿಯಾಗಿರುವುದೇ ಆಕೆಗೆ ತೊಡಕು. ಮನೆಯ ಮೂಲೆಯಲ್ಲಿ ಕುಳಿತ ಸ್ಥಾವರ ಗಣಕವೊಂದಿದ್ದರೆ ಅದು ಹಗಲೆಲ್ಲ ಆಕೆಗೆ ದೊರೆಯುತ್ತಿತ್ತು.

ಇದು ಒಬ್ಬಳ ಮಾತಲ್ಲವೆಂಬುದಕ್ಕೆ ರಾಷ್ಟ್ರಮಟ್ಟದ ಅಂಕಿ-ಅಂಶಗಳು ಸಾಕ್ಷಿಯಾಗಿವೆ. ವಾರ್ಷಿಕ ಶೈಕ್ಷಣಿಕ ಸ್ಥಿತಿಗತಿ ವರದಿಯಾದ 'ಅಸರ್' ಪ್ರಕಾರ ಶಾಲಾಮಕ್ಕಳಿರುವ ಗ್ರಾಮೀಣ ಕುಟುಂಬಗಳಲ್ಲಿ ಸ್ಮಾರ್ಟ್‌ಫೋನ್ ಇದ್ದವರ ಪ್ರಮಾಣ 2018ರಲ್ಲಿ ಶೇ. 36.5 ಇದ್ದುದು 2020ರಲ್ಲಿ ಶೇ. 61.8ಕ್ಕೆ ಏರಿತು. ಆದರೆ 14ರಿಂದ 18 ವರ್ಷದವರನ್ನು ಕುರಿತ 2023ರ ವರದಿಯಲ್ಲಿ, ಸ್ಮಾರ್ಟ್‌ಫೋನ್ ಬಳಸಬಲ್ಲವರ ಪೈಕಿ ಸ್ವಂತದ ಫೋನು ಹೊಂದಿದ ಹುಡುಗರು ಶೇ. 43.7, ಹುಡುಗಿಯರು ಶೇ. 19.8 ಮಾತ್ರ. ಮನೆಯಲ್ಲಿ ಫೋನು ಇದೆ ಎಂಬುದಕ್ಕೂ ಕಲಿಯುವವರ ಕೈಯಲ್ಲಿ ಅದು ಇದೆ ಎಂಬುದಕ್ಕೂ ಇರುವ ಅಂತರ ಇದರಿಂದ ಸ್ಪಷ್ಟವಾಗುತ್ತದೆ. ಕೈಯಲ್ಲಿದ್ದರೂ ಅದು ಓದಿಗೇ ಬಳಕೆಯಾಗುವುದೆಂದು ಹೇಳುವಂತಿಲ್ಲ: 2024ರ ವರದಿಯಲ್ಲಿ ಸ್ಮಾರ್ಟ್‌ಫೋನ್ ಬಳಸಬಲ್ಲ 14ರಿಂದ 16 ವರ್ಷದವರಲ್ಲಿ ಹಿಂದಿನ ವಾರ ಶೈಕ್ಷಣಿಕ ಕಾರ್ಯಕ್ಕೆ ಫೋನು ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಗಳಿಗೆ ಬಳಸಿದವರು ಶೇ. 76.

ಡೇಟಾದ ಲೆಕ್ಕವನ್ನೂ ಇಲ್ಲಿ ಗಮನಿಸಬೇಕು. ಸೆಕೆಂಡಿಗೆ 600 ಕಿಲೋಬಿಟ್ ವೇಗದಲ್ಲಿ ಒಂದು ಗಂಟೆ ಚಿತ್ರಸಹಿತ ನೇರಪ್ರಸಾರಕ್ಕೆ ಸುಮಾರು 270 ಮೆಗಾಬೈಟ್ ಖರ್ಚಾಗುತ್ತದೆ. 32 ಕಿಲೋಬಿಟ್ ವೇಗದಲ್ಲಿ ಮುದ್ರಿಸಿದ ಐದು ನಿಮಿಷದ ಧ್ವನಿಪಾಠಕ್ಕೆ ಸಾಕಾಗುವುದು 1.2 ಮೆಗಾಬೈಟ್. ಮೊದಲನೆಯದಕ್ಕೆ ಆ ಗಂಟೆ ಪೂರ್ತಿ ಎಡೆಬಿಡದ ಸಂಪರ್ಕ ಬೇಕು; ಎರಡನೆಯದನ್ನು ಸಂಪರ್ಕ ಸಿಕ್ಕ ಕ್ಷಣದಲ್ಲಿ ಇಳಿಸಿಕೊಂಡು ಬೇಕಾದಾಗ ಕೇಳಬಹುದು.

7. ಕನ್ನಡ ಪಠ್ಯ ಮತ್ತು ಅಂಗೈಯಗಲದ ಪರದೆ

ಸಾಧನ ಬದಲಾದಾಗ ಪಠ್ಯದ ರೂಪವೂ ಬದಲಾಗುತ್ತದೆ. ಕನ್ನಡ ಅಧ್ಯಾಪಕರಿಗೆ ಇದು ನೇರವಾಗಿ ಸಂಬಂಧಿಸಿದ ವಿಷಯ. ಇಲ್ಲಿ ಮೂರು ಅಂಶಗಳನ್ನು ಗುರುತಿಸಬಹುದು.

ಮೊದಲನೆಯದು, ಛಂದಸ್ಸಿನದು. ಚಂಪಕಮಾಲೆಯ ಒಂದು ಪಾದದಲ್ಲಿ 21, ಮಹಾಸ್ರಗ್ಧರೆಯಲ್ಲಿ 22 ಅಕ್ಷರಗಳಿರುತ್ತವೆ. ಮುದ್ರಿತ ಪುಟದಲ್ಲಿ ನಾಲ್ಕು ಪಾದಗಳು ಒಂದರ ಕೆಳಗೊಂದು ನಿಂತಾಗ ದ್ವಿತೀಯಾಕ್ಷರ ಪ್ರಾಸವು ಕಣ್ಣಿಗೇ ಕಾಣಿಸುತ್ತದೆ. ಫೋನಿನ ಪರದೆಯಲ್ಲಿ ಪಾದವು ನಡುವೆ ಮುರಿದು ಎರಡು ಮೂರು ಸಾಲಾಗುವುದರಿಂದ ಪ್ರಾಸಸ್ಥಾನ ಮರೆಯಾಗಿ, ವೃತ್ತವು ಗದ್ಯದಂತೆ ತೋರುತ್ತದೆ. ತ್ರಿಪದಿಗೆ, ಕಂದಕ್ಕೆ, ವಚನಕ್ಕೆ ಈ ತೊಂದರೆ ಅಷ್ಟಾಗಿ ಇಲ್ಲ. ಪರದೆಗೆ ಒಗ್ಗುವುದನ್ನೇ ಕಲಿಸುವ ಅಭ್ಯಾಸ ಬೆಳೆದರೆ ಚಂಪೂಕಾವ್ಯವು ತರಗತಿಯಿಂದ ಸದ್ದಿಲ್ಲದೆ ಸರಿದುಹೋಗುವ ಅಪಾಯವಿದೆ. ಇದಕ್ಕೆ ಪರಿಹಾರ ಧ್ವನಿಯಲ್ಲಿದೆ. ವೃತ್ತವನ್ನು ಗಮಕದ ಕ್ರಮದಲ್ಲಿ ವಾಚಿಸಿ, ಅನ್ವಯ ಹೇಳಿ, ಅರ್ಥ ಬಿಡಿಸಿದ ಐದು ನಿಮಿಷದ ಧ್ವನಿಪಾಠವು ಕಣ್ಣು ಕಳೆದುಕೊಂಡದ್ದನ್ನು ಕಿವಿಗೆ ಮರಳಿ ಕೊಡಬಲ್ಲದು. ನಾಡವರು ಓದದೆಯೂ ಕಾವ್ಯದ ಬಳಕೆಯಲ್ಲಿ ನುರಿತವರೆಂಬ ಅಭಿಪ್ರಾಯವು ಕವಿರಾಜಮಾರ್ಗದಲ್ಲಿಯೇ ಇರುವುದನ್ನು ನೆನೆದರೆ, ಕೇಳಿ ಕಲಿಯುವುದು ಈ ನೆಲಕ್ಕೆ ಹೊಸದಲ್ಲ.

ಎರಡನೆಯದು, ಲಿಪಿಯದು. ಕನ್ನಡವು 1991ರಿಂದಲೇ ಯೂನಿಕೋಡ್ ಪಟ್ಟಿಯಲ್ಲಿ ಸ್ಥಾನ ಪಡೆದಿದ್ದರೂ, ನಮ್ಮ ವಿಭಾಗಗಳಲ್ಲಿ ವರ್ಷಗಟ್ಟಲೆ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಸಂಕೇತಗಳಲ್ಲಿ ಬೆರಳಚ್ಚಾದ ಟಿಪ್ಪಣಿಗಳ ರಾಶಿಯಿದೆ. ಆ ಅಕ್ಷರಶೈಲಿಗಳಿಲ್ಲದ ಫೋನಿನಲ್ಲಿ ಅವು ರೋಮನ್ ಅಕ್ಷರ-ಚಿಹ್ನೆಗಳ ಗೋಜಲಾಗಿ ತೆರೆದುಕೊಳ್ಳುತ್ತವೆ. ಪುಟಗಳನ್ನು ಛಾಯಾಚಿತ್ರವಾಗಿಸಿ ಕಳುಹಿಸಿದರೆ ಹಿಗ್ಗಿಸಿ, ಅತ್ತಿತ್ತ ಸರಿಸಿ ಓದಬೇಕು, ಪದ ಹುಡುಕಲಾಗದು. ಹಳಗನ್ನಡಕ್ಕೆ ಅಗತ್ಯವಾದ ಱ, ೞ ಅಕ್ಷರಗಳು ಯೂನಿಕೋಡಿನಲ್ಲಿ ಇವೆಯಾದರೂ ೞಕಾರಕ್ಕೆ ಅಲ್ಲಿ 'ಫ' ಎಂಬ ತಪ್ಪು ಹೆಸರು ಬಿದ್ದು ಹಾಗೆಯೇ ಉಳಿದಿದೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಪದವನ್ನು ಹುಡುಕಿ ಕೊಡುವ 'ವಚನ ಸಂಚಯ'ದಂಥ ಕೆಲಸವು ಯೂನಿಕೋಡಿನಿಂದಲೇ ಸಾಧ್ಯವಾದುದು. ಅದು ಗಣಕದಲ್ಲಿಯೂ ಫೋನಿನಲ್ಲಿಯೂ ಸಮಾನವಾಗಿ ಒದಗುತ್ತದೆ.

ಮೂರನೆಯದು, ಕಲಿಕೆಯ ದಿಕ್ಕಿನದು. ಅಂತರ್ಜಾಲ ಕಲಿಕೆಯಲ್ಲಿ ಪಾಠವು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಫೋನಿಗೆ ಇನ್ನೊಂದು ಶಕ್ತಿಯಿದೆ: ಅದು ಧ್ವನಿಯನ್ನು ಹಿಡಿದಿಡಬಲ್ಲದು. ಜಾನಪದ ಪತ್ರಿಕೆಯ ನಿಯೋಜಿತ ಕಾರ್ಯವಾಗಿ ಮನೆಯಲ್ಲಿ ಹಿರಿಯರು ಹೇಳುವ ಒಂದು ಪದವನ್ನು ಮುದ್ರಿಸಿ, ಅದರಲ್ಲಿಯ ಹತ್ತು ಪದಗಳ ಅರ್ಥ ಬರೆಯುವಂತೆ ಸೂಚಿಸಿದ್ದೆ. ಮೇಲೆ ಹೇಳಿದ ವಿದ್ಯಾರ್ಥಿನಿ ಅಜ್ಜಿಯ ಬೀಸುವ ಪದವೊಂದನ್ನು ರಾತ್ರಿಯ ಹೊತ್ತು ಮುದ್ರಿಸಿ ಕಳುಹಿಸಿದಳು. ಹಿನ್ನೆಲೆಯಲ್ಲಿ ಕರು ಕೂಗುತ್ತಿತ್ತು. ಅಜ್ಜಿ ನಡುವೆ ಹಾಡು ನಿಲ್ಲಿಸಿ, ಯಾರ ಮದುವೆಯಲ್ಲಿ ಅದನ್ನು ಕಲಿತಳೆಂಬುದನ್ನು ಹೇಳುತ್ತಿದ್ದಳು. ಹನ್ನೊಂದು ಗಂಟೆಯ ತರಗತಿಗೆ ಎಂದೂ ಬಾರದವಳ ಮನೆಯೇ ಪಾಠವಾದದ್ದು ಹೀಗೆ. ಸಂಚಾರಿ ಕಲಿಕೆಯ ನಿಜವಾದ ಸಾಧ್ಯತೆ ಇರುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ.

8. ನಾಗಾವಿಯ ಘಟಿಕಾಸ್ಥಾನ: ಒಂದು ಹೋಲಿಕೆ

ಆದರೆ ಇಂಥ ಪಾಠಗಳನ್ನು ಸಿದ್ಧಪಡಿಸಿ, ಕಾಪಿಟ್ಟು, ಕೇಳಿದವರಿಗೆ ತೆಗೆದುಕೊಡುವವರು ಯಾರು? ಈ ಪ್ರಶ್ನೆಗೆ ನೆರೆಯ ನಾಗಾವಿಯೇ ಒಂದು ಸೂಚನೆ ಕೊಡುತ್ತದೆ. ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ಕಾಲದ, ಕ್ರಿ.ಶ. 1058ರ ಅಲ್ಲಿಯ ಶಾಸನವು ದಂಡನಾಯಕ ಮಧುಸೂದನನು ವ್ಯವಸ್ಥೆಗೊಳಿಸಿದ ವಿದ್ಯಾಕೇಂದ್ರವನ್ನು ವಿವರಿಸುತ್ತದೆ. ವೇದಾಧ್ಯಯನಕ್ಕೆ 200 ವಿದ್ಯಾರ್ಥಿಗಳು, ಶಾಸ್ತ್ರಾಧ್ಯಯನಕ್ಕೆ ಐವತ್ತರಷ್ಟು ಮಂದಿ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಇವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು. ಇವರಿಗೂ ದತ್ತಿಯ ವ್ಯವಸ್ಥೆಯಿತ್ತು.

ಉಪಾಧ್ಯಾಯರು ಆರು ಮಂದಿ, ಗ್ರಂಥಪಾಲಕರೂ ಆರು ಮಂದಿ ಎಂಬುದು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶ. ಪಾಠ ಹೇಳುವುದಕ್ಕೆ ಎಷ್ಟು ಜನ ಬೇಕೋ ಪಾಠದ ಸಾಮಗ್ರಿಯನ್ನು ಕಾಯುವುದಕ್ಕೂ ಅಷ್ಟೇ ಜನ ಬೇಕೆಂದು ಆ ವ್ಯವಸ್ಥೆ ಭಾವಿಸಿತ್ತು. ಆ ವಿದ್ಯಾಕೇಂದ್ರವು ಎಲ್ಲ ವರ್ಗದವರಿಗೂ ಸ್ತ್ರೀಯರಿಗೂ ತೆರೆದಿತ್ತೆಂದು ಹೇಳಲಾಗದು. ಆ ದೃಷ್ಟಿಯಿಂದ ಅದು ನಮಗೆ ಮಾದರಿಯಲ್ಲ. ಆದರೆ ಸಾಮಗ್ರಿಯ ಪಾಲನೆಯನ್ನು ವೇತನಸಹಿತ ವೃತ್ತಿಯಾಗಿ ಕಂಡ ಅದರ ದೃಷ್ಟಿ ಇಂದು ನಮಗಿಲ್ಲ. 2020-21ರಲ್ಲಿ ಅಧ್ಯಾಪಕರು ತಯಾರಿಸಿದ ಧ್ವನಿಪಾಠ, ಟಿಪ್ಪಣಿಗಳು ಅವರವರ ಫೋನುಗಳಲ್ಲಿಯೇ ಉಳಿದು, ಫೋನು ಬದಲಾದಾಗ ಅಳಿದುಹೋಗಿವೆ. ನನ್ನ ಪಾಠಗಳಲ್ಲಿಯೂ ಅರ್ಧದಷ್ಟು ಈಗ ಲಭ್ಯವಿಲ್ಲ.

9. ಸಮಾರೋಪ

ಮೇಲಿನ ವಿವೇಚನೆಯಿಂದ ಹೊರಡುವ ಮುಖ್ಯ ತೀರ್ಮಾನಗಳನ್ನು ಹೀಗೆ ಸಂಗ್ರಹಿಸಬಹುದು.

1. ಅಂತರ್ಜಾಲ ಕಲಿಕೆ ಮತ್ತು ಸಂಚಾರಿ ಕಲಿಕೆಗಳ ಭೇದವು ಉಪಕರಣದ್ದಲ್ಲ. ಕಲಿಕೆಯ ಹೊತ್ತು ಮತ್ತು ಸ್ಥಳಗಳನ್ನು ಯಾರು ನಿರ್ಧರಿಸುತ್ತಾರೆ ಎಂಬುದರದು. ಫೋನಿನಲ್ಲಿ ನಡೆದ ಮಾತ್ರಕ್ಕೆ ಪಾಠವು ಸಂಚಾರಿಯಾಗುವುದಿಲ್ಲ.

2. ತೆಂಗಳಿಯಂಥ ಪರಿಸರದಲ್ಲಿ ಫೋನು ವ್ಯಕ್ತಿಯದಲ್ಲ, ಮನೆಯದು. ಹಗಲಿನಲ್ಲಿ ಅದು ದುಡಿಯುವವರ ಕೈಯಲ್ಲಿರುತ್ತದೆ. ಆದ್ದರಿಂದ ನಿಗದಿತ ಗಂಟೆಯ ನೇರಪ್ರಸಾರವನ್ನು ಹಾಜರಿಗೆ ಆಧಾರವಾಗಿಸುವುದು, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಅನ್ಯಾಯ. ಸಲ್ಲಿಸಿದ ಕಾರ್ಯವನ್ನು ಆಧಾರವಾಗಿಸುವುದು ಯುಕ್ತ.

3. ಇಳಿಸಿಕೊಂಡು ಕೇಳಬಹುದಾದ ಕಿರು ಧ್ವನಿಪಾಠ, ಯೂನಿಕೋಡಿನಲ್ಲಿರುವ ಸರಳ ಪಠ್ಯ, ಮುದ್ರಿತ ಪುಸ್ತಕ: ಈ ಮೂರೂ ಒಂದಕ್ಕೊಂದು ಪೂರಕವಾಗಿ ನಿಲ್ಲಬೇಕು. ಇವು ತರಗತಿಗೆ ಬದಲಿಯಾಗಲಾರವು.

4. ಕನ್ನಡ ವಿಭಾಗಗಳು ತಮ್ಮ ಹಳೆಯ ಟಿಪ್ಪಣಿಗಳನ್ನು ಯೂನಿಕೋಡಿಗೆ ಪರಿವರ್ತಿಸುವ, ಧ್ವನಿಪಾಠಗಳನ್ನೂ ವಿದ್ಯಾರ್ಥಿಗಳ ಸಂಗ್ರಹಗಳನ್ನೂ ಒಂದೆಡೆ ಕಾಪಿಡುವ ಹೊಣೆಯನ್ನು ಗ್ರಂಥಾಲಯಗಳೊಡನೆ ಕೂಡಿ ಹೊರಬೇಕು. ಅದಕ್ಕೆ ಸಿಬ್ಬಂದಿ ಬೇಕು. ಅಧ್ಯಾಪಕರ ಬಿಡುವಿನ ಕೆಲಸವಾಗಿ ಅದು ಉಳಿಯದು.

ಮುಂದೆ ಸಾಂಕ್ರಾಮಿಕವೊಂದು ಬಾರದಿದ್ದರೂ ಸ್ವಯಂನಂಥ ವೇದಿಕೆಗಳ ಮೂಲಕ ಈ ಬಗೆಯ ಕಲಿಕೆ ನಮ್ಮ ಪಠ್ಯಕ್ರಮದೊಳಗೆ ಸೇರುತ್ತಲೇ ಇದೆ. ಅದನ್ನು ರೂಪಿಸುವಾಗ, ಹಗಲಿಡೀ ಹೊಲದಲ್ಲಿದ್ದು ರಾತ್ರಿ ಮನೆಗೆ ಬರುವ ಫೋನನ್ನು ಕಾಯುತ್ತ ಕುಳಿತ ವಿದ್ಯಾರ್ಥಿನಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಕಲಿಯುತ್ತಿರುವವರನ್ನೇ ಗೈರುಹಾಜರೆಂದು ಬರೆಯುವ ಕ್ರಮ ಮುಂದುವರಿಯುತ್ತದೆ.